ಸೈನ್ಯದ ಕಣ್ಣು: ಬೇಹಿನ ಯೋಧನ ಕೆಲಸವೂ ಅವನ ಮುಂದಿನ ಮೆಟ್ಟಿಲುಗಳೂ

ಸೈನ್ಯವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಬಂದೂಕು, ಫಿರಂಗಿ, ಟ್ಯಾಂಕು, ವಿಮಾನಗಳು. ಇವೆಲ್ಲಕ್ಕೂ ಮುಂಚೆ ಹೋಗುವವನೊಬ್ಬನುಂಟು. ಅವನ ಕೈಯಲ್ಲಿಯೂ ಬಂದೂಕು ಇರುತ್ತದೆ. ಆದರೆ ಅದನ್ನು ಹಾರಿಸದೆಯೇ ಹಿಂದಿರುಗಿದನಾದರೆ ಅವನ ಕೆಲಸ ಚೆನ್ನಾಗಿ ನಡೆಯಿತೆಂದೇ ಅರ್ಥ. ಶತ್ರು ಎಲ್ಲಿದ್ದಾನೆ, ಎಷ್ಟಿದ್ದಾನೆ, ಯಾವ ದಾರಿ ಗಟ್ಟಿ, ಯಾವ ಹಳ್ಳ ದಾಟಬಹುದಾದದ್ದು ಎಂಬುದನ್ನು ಕಂಡುಬಂದು ಹೇಳುವವನೇ ಬೇಹಿನ ಯೋಧ. ಅವನು ಸೈನ್ಯದ ಕಣ್ಣು. ಈ ಕಣ್ಣು ಹೇಗೆ ನೋಡುತ್ತದೆ, ಅದರ ಹಿಂದೆ ಯಾವ ವಿಜ್ಞಾನವಿದೆ, ಈ ಕೆಲಸಕ್ಕೆ ಸೇರಿದ ತರುಣನು ಯಾವ ಯಾವ ಮೆಟ್ಟಿಲನ್ನು ಏರಬಹುದು ಎಂಬುದನ್ನು ಇಲ್ಲಿ ವಿಚಾರಮಾಡೋಣ. ಉದಾಹರಣೆಗೆ ದೂರದ ರಣರಂಗವೇ ಬೇಕೆಂದಿಲ್ಲ; ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ಬೆಟ್ಟ, ಬಯಲು, ಕೆರೆ, ಹಳ್ಳಗಳೇ ಸಾಕು.

ಬೇಹು ಬೇರೆ, ಗೂಢಚರ್ಯೆ ಬೇರೆ

ಬೇಹಿನ ಯೋಧನನ್ನು ಗೂಢಚಾರನೆಂದು ತಿಳಿಯುವುದು ಸಾಮಾನ್ಯವಾದ ತಪ್ಪು. ಗೂಢಚಾರನು ವೇಷ ಮರೆಸಿಕೊಂಡು, ತಾನು ಬೇರೊಬ್ಬನೆಂದು ನಂಬಿಸಿ ಸುದ್ದಿ ಸಂಗ್ರಹಿಸುತ್ತಾನೆ. ಬೇಹಿನ ಯೋಧನು ಅಡಗಿ ಹೋಗುವನಾದರೂ ತನ್ನ ಸಮವಸ್ತ್ರವನ್ನು ಧರಿಸಿಯೇ ಹೋಗುತ್ತಾನೆ. ಈ ಭೇದ ಕೇವಲ ಮಾತಿನದಲ್ಲ. ೧೯೦೭ರ ಹೇಗ್ ಒಪ್ಪಂದದ ನಿಯಮಾವಳಿಯ ೨೯ನೆಯ ವಿಧಿಯ ಪ್ರಕಾರ, ವೇಷ ಮರೆಸದೆ ಶತ್ರುವಿನ ವಲಯವನ್ನು ಹೊಕ್ಕು ಸುದ್ದಿ ಸಂಗ್ರಹಿಸುವ ಸೈನಿಕನನ್ನು ಗೂಢಚಾರನೆಂದು ಎಣಿಸುವಂತಿಲ್ಲ. ಅವನು ಸೆರೆಸಿಕ್ಕಿದರೆ ಯುದ್ಧಕೈದಿಗೆ ಸಲ್ಲಬೇಕಾದ ಹಕ್ಕುಗಳೆಲ್ಲ ಅವನಿಗೂ ಸಲ್ಲಬೇಕು.

ಕನ್ನಡ ನಾಡಿನಲ್ಲಿ ಈ ಕೆಲಸಕ್ಕೆ ಹಳೆಯ ಹೆಸರುಗಳುಂಟು. ‘ಬೇಹು’ ಎಂಬುದು ಹಳಗನ್ನಡದಿಂದ ಬಂದ ಮಾತು. ಮುಂದೆ ಪಾರಸಿಯ ಮೂಲಕ ‘ಹರಿಕಾರ’ ಎಂಬ ಶಬ್ದ ಬಂದಿತು. ಸುದ್ದಿ ತರುವವನು, ಓಲೆ ಒಯ್ಯುವವನು ಎಂಬ ಎರಡು ಅರ್ಥಗಳೂ ಅದಕ್ಕಿದ್ದವು. ಇಂದು ನಾವು ಹೊಸ ಮಾರ್ಗವನ್ನು ತೋರಿದವನನ್ನು ಹರಿಕಾರನೆಂದು ಕರೆಯುತ್ತೇವೆ. ಮುಂದೆ ಹೋಗಿ ದಾರಿ ನೋಡಿಬರುವವನ ಹೆಸರು ಹೀಗೆ ಗೌರವದ ಪದವಾಗಿ ಉಳಿದುಕೊಂಡಿದೆ.

೧೭೯೧ರ ಪಾಠ

ಬೇಹಿನ ಬೆಲೆಯೆಷ್ಟು ಎಂಬುದನ್ನು ತಿಳಿಯಲು ನಮ್ಮ ನಾಡಿನದೇ ಒಂದು ಪ್ರಸಂಗವನ್ನು ನೋಡಬಹುದು. ಮೂರನೆಯ ಮೈಸೂರು ಯುದ್ಧದ ಕಾಲ. ೧೭೯೧ರ ಮಾರ್ಚಿಯಲ್ಲಿ ಬೆಂಗಳೂರು ಕೋಟೆಯನ್ನು ಹಿಡಿದ ಲಾರ್ಡ್ ಕಾರ್ನ್‌ವಾಲಿಸನು ಶ್ರೀರಂಗಪಟ್ಟಣದತ್ತ ನಡೆದನು. ಮೇ ೧೫ರಂದು ಅರಕೆರೆಯ ಬಳಿ ಟಿಪ್ಪುವಿನ ಸೇನೆಯೊಡನೆ ಕಾಳಗವಾಯಿತು. ಕಾಳಗದಲ್ಲಿ ಮೇಲುಗೈಯಾದರೂ ಕಾರ್ನ್‌ವಾಲಿಸನ ಸ್ಥಿತಿ ಚೆನ್ನಾಗಿರಲಿಲ್ಲ. ಫಿರಂಗಿ ಎಳೆಯುವ ಎತ್ತುಗಳು ರೋಗದಿಂದಲೂ ಮೇವಿಲ್ಲದೆಯೂ ಸಾಯುತ್ತಿದ್ದವು. ದಂಡಿನಲ್ಲಿ ಅಕ್ಕಿಗೆ ಬರ. ಮಳೆಗಾಲ ಬೇರೆ ಮೊದಲಾಗಿತ್ತು. ಬೇರೆ ಉಪಾಯ ಕಾಣದೆ ಅವನು ಕೋಟೆ ಒಡೆಯಲು ತಂದಿದ್ದ ಭಾರಿ ಫಿರಂಗಿಗಳನ್ನು ತಾನೇ ನಾಶಮಾಡಿಸಿ ಬೆಂಗಳೂರಿನ ಕಡೆಗೆ ಹಿಂದಿರುಗಿದನು.

ಹಿಂದಿರುಗುವ ನಡಿಗೆಯ ಮೊದಲನೆಯ ದಿನವೇ ಎದುರಿಗೆ ಕುದುರೆ ಸವಾರರು ಕಾಣಿಸಿಕೊಂಡರು. ಮೈಸೂರಿನವರೆಂದು ಭಾವಿಸಿ ಇಂಗ್ಲಿಷರ ದಂಡು ಕಾಳಗಕ್ಕೆ ಅಣಿಯಾಯಿತು. ನೋಡಿದರೆ, ಅವರು ತಮ್ಮ ಮಿತ್ರರಾದ ಮರಾಠರೇ! ಹರಿಪಂತನ ಸೇನೆ ಶಿರಾ ಕೋಟೆಯನ್ನು ವಶಪಡಿಸಿಕೊಂಡು ದಕ್ಷಿಣಕ್ಕೆ ಇಳಿದಿತ್ತು. ಅದೇ ವರ್ಷ ಅವರ ಒಂದು ತುಕಡಿ ಮಧುಗಿರಿಯನ್ನೂ ಮುತ್ತಿತು. ಧಾರವಾಡದ ಕಡೆಯಿಂದ ಬಂದ ಪರಶುರಾಮ ಭಾವೂನ ಸೇನೆಯೂ ಜೊತೆಗಿತ್ತು. ಅವರಲ್ಲಿ ಎತ್ತುಗಳಿದ್ದವು, ಧಾನ್ಯವಿತ್ತು. ಒಂದು ವಾರ ಮೊದಲೇ ಈ ಸುದ್ದಿ ಸಿಕ್ಕಿದ್ದರೆ ಫಿರಂಗಿಗಳು ಉಳಿಯುತ್ತಿದ್ದವು. ಆದರೆ ಮೈಸೂರಿನ ಲಘು ಅಶ್ವದಳದವರು ಎರಡು ಸೇನೆಗಳ ನಡುವಣ ದಾರಿಗಳನ್ನೆಲ್ಲ ಕಾದಿದ್ದು, ಓಲೆ ತರುವವರನ್ನು ತಡೆದುಬಿಟ್ಟಿದ್ದರು. ಸಾವಿರಾರು ಜನರ ಒಂದು ಸೇನೆ ಶಿರಾದಿಂದ ಬರುತ್ತಿದ್ದರೂ ಅದು ಕಾರ್ನ್‌ವಾಲಿಸನಿಗೆ ತಿಳಿಯಲಿಲ್ಲ. ಶ್ರೀರಂಗಪಟ್ಟಣದ ಮೇಲೆ ಮತ್ತೆ ಏರಿಬರಲು ಅವನು ೧೭೯೨ರ ಫೆಬ್ರವರಿಯವರೆಗೆ ಕಾಯಬೇಕಾಯಿತು.

ಈ ಪ್ರಸಂಗದಿಂದ ಬೇಹಿಗೆ ಎರಡು ಮುಖಗಳಿವೆಯೆಂಬುದು ತಿಳಿಯುತ್ತದೆ. ತಾನು ನೋಡುವುದು ಒಂದು. ಶತ್ರು ನೋಡದಂತೆ ಮಾಡುವುದು ಇನ್ನೊಂದು. ಮೈಸೂರಿನ ಸವಾರರು ಆ ಮೇ ತಿಂಗಳಲ್ಲಿ ಎರಡನೆಯದನ್ನು ಅತ್ಯಂತ ಸಮರ್ಥವಾಗಿ ಮಾಡಿದರು. ಇಂದಿಗೂ ಬೇಹುದಳದ ಕರ್ತವ್ಯಗಳಲ್ಲಿ ಇವೆರಡೂ ಸೇರಿವೆ.

ಬೆಟ್ಟದ ನೆತ್ತಿಯಿಂದ ಎಷ್ಟು ದೂರ ಕಾಣುತ್ತದೆ?

ಮಧುಗಿರಿಯ ಏಕಶಿಲಾ ಬೆಟ್ಟವನ್ನು ನೋಡಿದವರಿಗೆ, ಅಲ್ಲಿ ಏಕೆ ಕೋಟೆ ಕಟ್ಟಿದರೆಂಬ ಪ್ರಶ್ನೆಯೇ ಏಳುವುದಿಲ್ಲ. ಸುತ್ತಣ ಬಯಲಿನಿಂದ ಅದು ಸುಮಾರು ೪೦೦ ಮೀಟರ್ ಮೇಲೆದ್ದಿದೆ. ಹತ್ತಿರದಲ್ಲಿಯೇ ಚನ್ನರಾಯನದುರ್ಗ, ಮಿಡಿಗೇಶಿ. ಉತ್ತರಕ್ಕೆ ಪಾವಗಡದ ಬೆಟ್ಟ. ಪಾಳೆಯಗಾರರ ಕಾಲದ ಈ ಗಿರಿದುರ್ಗಗಳು ರಕ್ಷಣೆಯ ಸ್ಥಾನಗಳಾಗಿದ್ದಂತೆಯೇ ನೋಟದ ಸ್ಥಾನಗಳೂ ಆಗಿದ್ದವು.

ಭೂಮಿ ದುಂಡಾಗಿರುವುದರಿಂದ ಎತ್ತರಕ್ಕೆ ಏರಿದಷ್ಟೂ ದಿಗಂತ ದೂರ ಸರಿಯುತ್ತದೆ. ಇದನ್ನು ಲೆಕ್ಕಮಾಡುವುದು ಸುಲಭ. ಎತ್ತರವನ್ನು ಮೀಟರುಗಳಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು ೩.೫೭ರಿಂದ ಗುಣಿಸಿದರೆ ದಿಗಂತದ ದೂರ ಕಿಲೋಮೀಟರುಗಳಲ್ಲಿ ಬರುತ್ತದೆ. ೪೦೦ರ ವರ್ಗಮೂಲ ೨೦. ಗುಣಿಸಿದರೆ ಸುಮಾರು ೭೧ ಕಿಲೋಮೀಟರ್. ಮಧುಗಿರಿಯಿಂದ ಕೊರಟಗೆರೆಗೆ ನೇರಗೆರೆಯಲ್ಲಿ ಸುಮಾರು ೧೬, ಶಿರಾಕ್ಕೆ ೩೫, ಪಾವಗಡಕ್ಕೆ ೫೦ ಕಿಲೋಮೀಟರ್. ಎಂದರೆ ಲೆಕ್ಕದ ಮಟ್ಟಿಗೆ ಮೂರು ಊರುಗಳೂ ಈ ನೋಟದ ವೃತ್ತದೊಳಗೇ ಬೀಳುತ್ತವೆ. ಬಯಲಿನಲ್ಲಿ ನಿಂತ ಮನುಷ್ಯನ ಕಣ್ಣಿಗಾದರೋ ದಿಗಂತವು ಐದು ಕಿಲೋಮೀಟರನ್ನೂ ಮುಟ್ಟುವುದಿಲ್ಲ.

ಆದರೆ ಲೆಕ್ಕದ ವೃತ್ತವೆಲ್ಲ ಕಣ್ಣಿಗೆ ದಕ್ಕುವುದಿಲ್ಲ. ಮಂಜು, ಧೂಳು, ಬಿಸಿಲಿನ ಝಳ ಅಡ್ಡಬರುತ್ತವೆ. ಇವಕ್ಕಿಂತ ದೊಡ್ಡ ಅಡ್ಡಿ ನಡುವಣ ದಿಣ್ಣೆಗಳು. ೪೦೦ ಮೀಟರ್ ಎತ್ತರದಲ್ಲಿ ನಾವು ನಿಂತಿದ್ದೇವೆ, ೧೦ ಕಿಲೋಮೀಟರ್ ದೂರದಲ್ಲಿ ೧೦೦ ಮೀಟರ್ ಎತ್ತರದ ಗುಡ್ಡವೊಂದಿದೆ ಎನ್ನೋಣ. ನಮ್ಮ ದೃಷ್ಟಿರೇಖೆ ಆ ೧೦ ಕಿಲೋಮೀಟರಿನಲ್ಲಿ ೩೦೦ ಮೀಟರ್ ಇಳಿದು ಗುಡ್ಡದ ನೆತ್ತಿಯನ್ನು ತಾಕುತ್ತದೆ. ಅದೇ ಓರೆಯಲ್ಲಿ ಉಳಿದ ೧೦೦ ಮೀಟರ್ ಇಳಿಯಲು ಇನ್ನೂ ೩.೩ ಕಿಲೋಮೀಟರ್ ಬೇಕು. ಗುಡ್ಡದ ಹಿಂದಿನ ಈ ೩.೩ ಕಿಲೋಮೀಟರ್ ನೆಲ ನಮ್ಮ ಕಣ್ಣಿಗೆ ಮರೆ. ಒಂದು ಪಡೆಯೇ ಅಲ್ಲಿ ಬೀಡುಬಿಟ್ಟಿದ್ದರೂ ಕಾಣದು. ಇಂಥ ಮರೆನೆಲಗಳು ಎಲ್ಲಿವೆಯೆಂದು ನಕ್ಷೆಯ ಮೇಲೆ ಮೊದಲೇ ಗುರುತಿಸಿ, ಕಾಲ್ನಡಿಗೆಯಿಂದ ಹೋಗಿ ನೋಡಿಬರುವುದು ಬೇಹಿನ ಯೋಧನ ಮುಖ್ಯ ಕೆಲಸಗಳಲ್ಲಿ ಒಂದು. ಕಾಣದ ಜಾಗ ಯಾವುದೆಂದು ತಿಳಿದವನೇ ನಿಜವಾಗಿ ನೋಡಬಲ್ಲವನು.

ಬೆಟ್ಟದಿಂದ ಬೆಟ್ಟ ಕಾಣುವ ಈ ಗುಣವೇ ಭೂಮಾಪನಕ್ಕೂ ನೆರವಾಯಿತು. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದಮೇಲೆ ಕಾಲಿನ್ ಮೆಕೆಂಜಿಯು ಮೈಸೂರು ಸೀಮೆಯ ನಕ್ಷೆಯನ್ನು ತಯಾರಿಸತೊಡಗಿದನು. ವಿಲಿಯಂ ಲ್ಯಾಂಬ್ಟನ್ನನು ೧೮೦೦ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆಯನ್ನು ಅಳೆದು ತ್ರಿಕೋನಮಾಪನವನ್ನು ಆರಂಭಿಸಿದನು. ಮುಂದೆ ಅವನು ನಕ್ಷತ್ರಗಳನ್ನು ನೋಡಿ ಅಕ್ಷಾಂಶ ನಿರ್ಣಯಿಸಿದ ಕೇಂದ್ರಗಳಲ್ಲಿ ಪಾವಗಡವೂ ಒಂದು; ಅದು ಸುಮಾರು ೧೪ ಡಿಗ್ರಿ ೬ ಮಿನಿಟು ಉತ್ತರ ಅಕ್ಷಾಂಶದಲ್ಲಿದೆ. ನಕ್ಷೆಯಿಲ್ಲದೆ ಕುರುಡಾಗಿ ನಡೆದ ಸೇನೆಗಳ ಅನುಭವದಿಂದಲೇ ನಕ್ಷೆಯ ಅವಶ್ಯಕತೆ ಮನವರಿಕೆಯಾಯಿತೆನ್ನಬಹುದು.

ಕಣ್ಣು, ಕಿವಿ, ಕಾಲುಗಳಿಂದ ಅಳತೆ

“ದೂರದಲ್ಲಿ ಲಾರಿಗಳಿವೆ” ಎಂದರೆ ವರದಿಯಾಗದು. ಎಷ್ಟು ದೂರ? ಯಾವ ದಿಕ್ಕಿನಲ್ಲಿ? ಬೇಹಿನ ಯೋಧನು ಅಳತೆಗಾರನೂ ಆಗಿರಬೇಕು. ಅವನ ಉಪಾಯಗಳು ಬಹಳ ಸರಳವಾದವು.

ಕೋನದ ಅಳತೆಗೆ ಸೈನ್ಯದಲ್ಲಿ ‘ಮಿಲ್’ ಎಂಬ ಮಾನವುಂಟು. ಒಂದು ಪೂರ್ಣ ವೃತ್ತಕ್ಕೆ ೬,೪೦೦ ಮಿಲ್. ಇದರ ಅನುಕೂಲವೇನೆಂದರೆ, ೧,೦೦೦ ಮೀಟರ್ ದೂರದಲ್ಲಿರುವ ಒಂದು ಮೀಟರ್ ಅಗಲದ ವಸ್ತು ಸುಮಾರು ಒಂದು ಮಿಲ್ ಕೋನವನ್ನು ತುಂಬುತ್ತದೆ. ಬೈನಾಕ್ಯುಲರಿನ ಗಾಜಿನಲ್ಲಿ ಈ ಗೆರೆಗಳನ್ನು ಕೊರೆದಿರುತ್ತಾರೆ. ೮ ಮೀಟರ್ ಉದ್ದದ ಲಾರಿಯೊಂದು ೪ ಮಿಲ್ ತುಂಬಿದರೆ ಅದು ೨,೦೦೦ ಮೀಟರ್ ದೂರದಲ್ಲಿದೆ. ಉಪಕರಣವಿಲ್ಲದಿದ್ದರೆ ಕೈಯೇ ಉಪಕರಣ: ತೋಳನ್ನು ನೀಡಿ ಹಿಡಿದಾಗ ಕಿರುಬೆರಳಿನ ಅಗಲ ಸುಮಾರು ಒಂದು ಡಿಗ್ರಿ. ಒಂದು ಕಿಲೋಮೀಟರ್ ದೂರದಲ್ಲಿ ಅದು ಸುಮಾರು ೧೭ ಮೀಟರನ್ನು ಮರೆಮಾಡುತ್ತದೆ.

ಫಿರಂಗಿಯ ಮಿಂಚು ಕಂಡ ಆರು ಸೆಕೆಂಡಿಗೆ ಸದ್ದು ಕೇಳಿದರೆ ಅದು ಸುಮಾರು ಎರಡು ಕಿಲೋಮೀಟರ್ ಆಚೆಯಿದೆ. ಏಕೆಂದರೆ ಶಬ್ದವು ಸೆಕೆಂಡಿಗೆ ಸುಮಾರು ೩೪೦ ಮೀಟರ್ ಸಾಗುತ್ತದೆ.

ನದಿಯ ಅಗಲವನ್ನು ಅದನ್ನು ದಾಟದೆಯೇ ತಿಳಿಯುವುದು ಹೇಗೆ? ಕೊರಟಗೆರೆ, ಮಧುಗಿರಿಗಳ ಮೂಲಕ ಹರಿಯುವ ಜಯಮಂಗಲಿಯ ದಡದಲ್ಲಿ ನಾವು ನಿಂತಿದ್ದೇವೆ ಎನ್ನೋಣ. ಆಚೆ ದಡದಲ್ಲಿ ನಮಗೆ ನೇರ ಎದುರಾಗಿ ಒಂದು ಹೊಂಗೆಯ ಮರ. ದಡದ ಗುಂಟ ನಡೆಯುತ್ತ ಹೋಗಿ, ದಿಕ್ಸೂಚಿಯಲ್ಲಿ ನಮ್ಮ ನಡೆಯ ಗೆರೆಗೂ ಮರಕ್ಕೂ ೪೫ ಡಿಗ್ರಿ ಕೋನ ಬಂದ ಕಡೆ ನಿಲ್ಲಬೇಕು. ನಡೆದ ದೂರವೇ ನದಿಯ ಅಗಲ! ಸಮದ್ವಿಬಾಹು ತ್ರಿಕೋನದ ಪಾಠ ಓದಿದ ವಿದ್ಯಾರ್ಥಿಗಳಿಗೆ ಇದರ ಕಾರಣವನ್ನು ಹೇಳಬೇಕಾಗಿಲ್ಲ.

ಹೆಜ್ಜೆಯ ಎಣಿಕೆಯಲ್ಲಿ ಪ್ರಸಿದ್ಧನಾದವನು ಕುಮಾವೂನಿನ ನೈನ್ ಸಿಂಗ್. ಭೂಮಾಪನ ಇಲಾಖೆಗಾಗಿ ಟಿಬೆಟ್ಟಿಗೆ ಯಾತ್ರಿಕನಂತೆ ಹೋಗಿ ೧೮೬೬ರಲ್ಲಿ ಲ್ಹಾಸಾವನ್ನು ಮುಟ್ಟಿದವನು ಅವನು. ಜಪಮಾಲೆಯಲ್ಲಿ ೧೦೮ ಮಣಿಗಳ ಬದಲು ೧೦೦ ಮಣಿಗಳನ್ನು ಪೋಣಿಸಿ, ನೂರು ಹೆಜ್ಜೆಗೊಂದರಂತೆ ಜಾರಿಸುತ್ತಿದ್ದನು. ಮಾಲೆ ಒಂದು ಸುತ್ತು ಬಂದರೆ ಹತ್ತು ಸಾವಿರ ಹೆಜ್ಜೆ. ವೇಷ ಮರೆಸಿ ಹೋದದ್ದರಿಂದ ಅವನದು ಶುದ್ಧವಾದ ಸೈನಿಕ ಬೇಹಲ್ಲ. ಆದರೂ ಒಂದೇ ಅಳತೆಯ ಹೆಜ್ಜೆಯಿಡುವ ಆ ಶಿಸ್ತನ್ನು ಬೇಹಿನ ಯೋಧನು ಇಂದಿಗೂ ಕಲಿಯುತ್ತಾನೆ.

ನೆಲವನ್ನು ಓದುವುದು

ಊರಿನ ರೈತನಿಗೆ ಸಹಜವಾಗಿ ತಿಳಿದಿರುವ ಎಷ್ಟೋ ಸಂಗತಿಗಳು ಬೇಹಿನಲ್ಲಿ ಪಾಠಗಳಾಗುತ್ತವೆ. ಕೆರೆಯ ಏರಿ ಬಯಲುಸೀಮೆಯಲ್ಲಿ ಒಳ್ಳೆಯ ನೋಟದ ಸ್ಥಾನ. ಹಿಂದೆ ಅಡಗಲು ಮರೆಯೂ ಹೌದು. ಆದರೆ ಏರಿಯ ಕೆಳಗಣ ಅಚ್ಚುಕಟ್ಟು ತೂಬಿನ ನೀರಿನಿಂದ ನೆನೆದು ಮೆತ್ತಗಿರುತ್ತದೆ. ಅಲ್ಲಿ ಲಾರಿ ಇಳಿಸಿದರೆ ಹೂತುಕೊಳ್ಳುವುದು ಖಂಡಿತ. ಇಲ್ಲಿ ಒಂದು ಸ್ವಾರಸ್ಯವಿದೆ. ಹತ್ತಾರು ಟನ್ ತೂಗುವ ಟ್ಯಾಂಕು ಅಗಲವಾದ ಸರಪಳಿಪಟ್ಟಿಯ ಮೇಲೆ ನಿಂತಿರುವುದರಿಂದ ನೆಲವನ್ನು ಒಂದು ಚದರ ಸೆಂಟಿಮೀಟರಿಗೆ ಸುಮಾರು ೦.೯ ಕಿಲೋಗ್ರಾಂ ಭಾರದಿಂದ ಮಾತ್ರ ಒತ್ತುತ್ತದೆ. ಸರಕು ತುಂಬಿದ ಲಾರಿಯ ಚಕ್ರದ ಒತ್ತಡ ಅದರ ಹಲವು ಪಟ್ಟು. ಆದ್ದರಿಂದ ಟ್ಯಾಂಕು ದಾಟಿದ ಗದ್ದೆಯನ್ನು ಅದರ ಹಿಂದೆ ಬರುವ ಪಡಿತರದ ಲಾರಿ ದಾಟಲಾರದು. “ದಾರಿಯಿದೆ” ಎಂದು ಹೇಳಿದರೆ ಸಾಲದು. ಯಾವುದಕ್ಕೆ ದಾರಿ ಎಂಬುದನ್ನೂ ಹೇಳಬೇಕು.

ಪ್ರಾಣಿಪಕ್ಷಿಗಳೂ ಸುದ್ದಿ ಕೊಡುತ್ತವೆ. ಶಿರಾ ತಾಲ್ಲೂಕಿನ ಕಗ್ಗಲಡುವಿನ ಹುಣಸೆಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡುಕಟ್ಟುತ್ತವೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳು ಮೇಯುತ್ತವೆ. ಹಿಂಡು ಒಮ್ಮೆಲೇ ಬೆದರಿ ಓಡಿತೆಂದರೆ, ಹಕ್ಕಿಗಳು ಕೂಗುತ್ತ ಮೇಲೆದ್ದವೆಂದರೆ, ಅಲ್ಲಿ ಏನೋ ಚಲಿಸಿತೆಂದು ಅರ್ಥ. ಧೂಳೂ ಒಂದು ಬರಹವೇ. ಎತ್ತರವಾಗಿ ಕಂಬದಂತೆ ಏಳುವ ಧೂಳು ರಥಗಳದ್ದು, ತಗ್ಗಾಗಿ ಅಗಲವಾಗಿ ಹರಡುವುದು ಕಾಲಾಳುಗಳದ್ದು ಎಂದು ಪ್ರಾಚೀನ ಚೀನದ ಸುನ್ ತ್ಸು ಹೇಳಿದ್ದಾನೆ. ಪಾವಗಡದ ಬೇಸಗೆಯ ದಾರಿಗಳನ್ನು ಕಂಡವರು ಈ ಮಾತನ್ನು ಒಪ್ಪುತ್ತಾರೆ.

ನಕ್ಷೆಯನ್ನು ನಂಬಬೇಕು, ಆದರೆ ಅದು ತಯಾರಾದ ವರ್ಷವನ್ನೂ ನೋಡಬೇಕು. ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ ೨೦೧೮ರಿಂದ ಹಂತಹಂತವಾಗಿ ಸೌರವಿದ್ಯುತ್ ಉದ್ಯಾನ ಎದ್ದಿತು. ಸುಮಾರು ೧೩,೦೦೦ ಎಕರೆ, ೨,೦೫೦ ಮೆಗಾವಾಟ್. ಹಿಂದಿನ ನಕ್ಷೆಯಲ್ಲಿ ಆ ಜಾಗವೆಲ್ಲ ಹೊಲ. ಹಳೆಯ ನಕ್ಷೆಯನ್ನೇ ನೆಚ್ಚಿ ಬಂದವನಿಗೆ ಕಾಲುದಾರಿಯ ಬದಲು ಗಾಜಿನ ಹಲಗೆಗಳ ಸಾಲು ಎದುರಾಗುತ್ತದೆ. ಬೇಹಿನ ಯೋಧನು ನಕ್ಷೆಯನ್ನು ನೆಲದೊಡನೆ ಹೋಲಿಸಿ ತಿದ್ದುವವನೂ ಹೌದು.

ಕತ್ತಲೆಯಲ್ಲಿ ನೋಡುವುದು, ಹಗಲಿನಲ್ಲಿ ಕಾಣದಿರುವುದು

ಬೇಹಿನ ಬಹುಭಾಗ ಕತ್ತಲೆಯಲ್ಲಿ ನಡೆಯುತ್ತದೆ. ನಮ್ಮ ಅಕ್ಷಿಪಟದಲ್ಲಿ ಎರಡು ಬಗೆಯ ಕೋಶಗಳಿವೆ. ಶಂಕುಕೋಶಗಳು ಬೆಳಕಿನಲ್ಲಿ ಬಣ್ಣ ಕಾಣಲು. ದಂಡಕೋಶಗಳು ಮಬ್ಬಿನಲ್ಲಿ ಕಾಣಲು. ದಂಡಕೋಶಗಳು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ಸುಮಾರು ಅರ್ಧ ಗಂಟೆ ಬೇಕು. ಒಂದು ಬೆಂಕಿಕಡ್ಡಿಯ ಬೆಳಕು ಆ ಅರ್ಧ ಗಂಟೆಯ ಸಿದ್ಧತೆಯನ್ನು ಕ್ಷಣದಲ್ಲಿ ಕೆಡಿಸುತ್ತದೆ. ಅಕ್ಷಿಪಟದ ನಟ್ಟನಡುವೆ ದಂಡಕೋಶಗಳೇ ಇಲ್ಲವಾದ್ದರಿಂದ ಕತ್ತಲೆಯಲ್ಲಿ ವಸ್ತುವನ್ನು ನೇರವಾಗಿ ದಿಟ್ಟಿಸಿದರೆ ಅದು ಮಾಯವಾಗುತ್ತದೆ. ತುಸು ಪಕ್ಕಕ್ಕೆ ನೋಡಿದರೆ ಕಾಣುತ್ತದೆ. ಅಮಾವಾಸ್ಯೆಯ ರಾತ್ರಿ ಮಂಕಾದ ನಕ್ಷತ್ರವೊಂದನ್ನು ಹೀಗೆ ನೋಡಿ ಯಾರಾದರೂ ಪರೀಕ್ಷಿಸಬಹುದು.

ಹಗಲಿನಲ್ಲಿ ಕಾಣದಂತಿರಲು ನಿಯಮಗಳು ಕೆಲವೇ. ಬೆಟ್ಟದ ನೆತ್ತಿಯ ಗೆರೆಯ ಮೇಲೆ ನಿಲ್ಲಬಾರದು. ಆಕಾಶದ ಬೆಳಕಿನ ಮುಂದೆ ಮನುಷ್ಯಾಕೃತಿ ಕಪ್ಪಾಗಿ ಎದ್ದುಕಾಣುತ್ತದೆ. ಮರದ ಕೆಳಗೆ, ಬಂಡೆಯ ನೆರಳಿನೊಳಗೆ ಇರಬೇಕು. ಸೂರ್ಯನನ್ನು ಬೆನ್ನಿಗಿಟ್ಟುಕೊಂಡು ನೋಡಬೇಕು. ಎದುರಿಗಿದ್ದರೆ ಗಾಜು ಹೊಳೆಯುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಚಲಿಸಬಾರದು. ಅಲುಗಾಡುವ ವಸ್ತು ಕಣ್ಣಂಚಿನಲ್ಲಿದ್ದರೂ ಗಮನ ಸೆಳೆಯುತ್ತದೆ.

ಕಂಡದ್ದು, ಕೇಳಿದ್ದು, ಊಹಿಸಿದ್ದು

ಇಷ್ಟೆಲ್ಲ ಕಷ್ಟಪಟ್ಟು ನೋಡಿದ್ದು ಸರಿಯಾಗಿ ಹೇಳದಿದ್ದರೆ ವ್ಯರ್ಥ. ಬೇಹಿನ ವರದಿ ಆರು ಪ್ರಶ್ನೆಗಳಿಗೆ ಉತ್ತರ ಕೊಡಬೇಕು: ಎಷ್ಟು ಜನ? ಏನು ಮಾಡುತ್ತಿದ್ದಾರೆ? ಎಲ್ಲಿ? ಯಾವ ದಳದವರು? ಯಾವಾಗ? ಅವರ ಬಳಿ ಏನೇನಿದೆ? ಇವುಗಳ ಜೊತೆಗೆ, ಪ್ರತಿಯೊಂದು ಮಾತೂ ಕಣ್ಣಾರೆ ಕಂಡದ್ದೋ, ಇನ್ನೊಬ್ಬರಿಂದ ಕೇಳಿದ್ದೋ, ತಾನೇ ಊಹಿಸಿದ್ದೋ ಎಂಬುದನ್ನು ಬೇರೆ ಬೇರೆಯಾಗಿ ತಿಳಿಸಬೇಕು. “ಮೂರು ಲಾರಿ ಕಂಡೆನು, ಧೂಳು ನೋಡಿದರೆ ಇನ್ನೂ ಹೆಚ್ಚಿರಬಹುದು, ಹತ್ತು ಹೋದವೆಂದು ಕುರಿ ಕಾಯುವವನು ಹೇಳಿದನು” ಎಂಬುದು ಒಳ್ಳೆಯ ವರದಿ. “ಹತ್ತು ಲಾರಿಗಳಿವೆ” ಎಂಬುದು ಅಪಾಯಕರವಾದ ವರದಿ. ಮೂರಕ್ಕೆ ಹತ್ತು ಎಂದರೆ ಸೇನಾಪತಿ ಹೆದರಿ ಹಿಂದೆ ಸರಿಯಬಹುದು. ಹತ್ತಕ್ಕೆ ಮೂರು ಎಂದರೆ ನೂರಾರು ಜನ ಸಾವಿನ ಬಾಯಿಗೆ ನಡೆಯಬಹುದು.

ಊಹೆಯನ್ನು ಬಿಟ್ಟುಬಿಡಬೇಕೆಂದು ಇದರ ಅರ್ಥವಲ್ಲ. ಮೈಸೂರು ಸೀಮೆಯಲ್ಲಿ ಸೇನಾಧಿಕಾರ ನಡೆಸಿದ್ದ ಆರ್ಥರ್ ವೆಲೆಸ್ಲಿಯು ೧೮೦೩ರಲ್ಲಿ ಅಸ್ಸಾಯೆಯ ಯುದ್ಧದ ದಿನ ಕೈಟ್ನಾ ನದಿಯ ದಡದಲ್ಲಿ ನಿಂತಿದ್ದನು. ಹತ್ತಿರದಲ್ಲಿ ಕಾಲುಹಾದಿಯ ಕಡವು ಇಲ್ಲವೆಂದು ದಾರಿ ತೋರುವವರು ಹೇಳಿದರು. ಆದರೆ ನದಿಯ ಎರಡು ದಡಗಳಲ್ಲಿ ಎದುರುಬದುರಾಗಿ ಎರಡು ಹಳ್ಳಿಗಳಿರುವುದು ಅವನ ಕಣ್ಣಿಗೆ ಬಿತ್ತು. ಇಷ್ಟು ಹತ್ತಿರದ ಊರುಗಳ ನಡುವೆ ಜನ ಓಡಾಡದೆ ಇರುವರೆ? ದಾಟುವ ಜಾಗ ಇದ್ದೇ ಇರಬೇಕೆಂದು ತರ್ಕಿಸಿ, ಹೋಗಿ ಪರೀಕ್ಷಿಸಲು ಆಜ್ಞೆಮಾಡಿದನು. ಕಡವು ಸಿಕ್ಕಿತು. ಕಂಡದ್ದರಿಂದ ಊಹೆ, ಊಹೆಯಿಂದ ಪರೀಕ್ಷೆ. ವಿಜ್ಞಾನದ ಮಾರ್ಗವೂ ಇದೇ ಅಲ್ಲವೆ?

ಯಂತ್ರದ ಕಣ್ಣು ಬಂದಮೇಲೆ

ಉಪಗ್ರಹ, ರಾಡಾರು, ಚಾಲಕರಹಿತ ವಿಮಾನಗಳಿರುವ ಈ ಕಾಲದಲ್ಲಿ ನಡೆದು ಹೋಗಿ ನೋಡುವ ಮನುಷ್ಯ ಏಕೆ ಬೇಕು ಎಂದು ಕೇಳಬಹುದು. ಯಂತ್ರದ ಕಣ್ಣಿಗೂ ಮಿತಿಗಳಿವೆ. ಶಾಖವನ್ನು ನೋಡುವ ಕ್ಯಾಮರಾ ಮನುಷ್ಯನ ಮೈಯಿಂದ ಹೊಮ್ಮುವ, ಸುಮಾರು ೧೦ ಮೈಕ್ರಾನ್ ಅಲೆಯುದ್ದದ ಅವಕೆಂಪು ಕಿರಣಗಳನ್ನು ಗ್ರಹಿಸುತ್ತದೆ. ಆದರೆ ಮಧುಗಿರಿಯಂಥ ಹೆಬ್ಬಂಡೆ ಹಗಲೆಲ್ಲ ಕಾದು ಸಂಜೆಯ ಹೊತ್ತಿಗೆ ಮನುಷ್ಯನ ಮೈಯಷ್ಟೇ ಬಿಸಿಯಾಗಿದ್ದರೆ, ಅದರ ಮೇಲೆ ಮಲಗಿದವನು ಬಂಡೆಯಿಂದ ಬೇರೆಯಾಗಿ ಕಾಣುವುದಿಲ್ಲ.

ಮೇಲಿನಿಂದ ನೋಡಿದವರ ತಪ್ಪಿಗೆ ಮೈಸೂರಿನ ಚರಿತ್ರೆಯಲ್ಲಿಯೇ ನಿದರ್ಶನವುಂಟು. ಮೊದಲನೆಯ ಮಹಾಯುದ್ಧದಲ್ಲಿ, ೧೯೧೮ರ ಸೆಪ್ಟೆಂಬರ್ ೨೨ರಂದು, ಹೈಫಾ ಪಟ್ಟಣವನ್ನು ಶತ್ರುಗಳು ಬಿಟ್ಟುಹೋಗಿದ್ದಾರೆಂದು ವಿಮಾನದ ವರದಿ ಬಂದಿತು. ನೋಡಲು ಹೋದ ಕವಚದ ಮೋಟಾರುಗಳಿಗೆ ಗುಂಡಿನ ಮಳೆಯೇ ಎದುರಾಯಿತು. ಮರುದಿನ ಜೋಧಪುರ ಮತ್ತು ಮೈಸೂರು ಲ್ಯಾನ್ಸರ್ ದಳಗಳು ಯುದ್ಧಮಾಡಿ ಪಟ್ಟಣವನ್ನು ಗೆಲ್ಲಬೇಕಾಯಿತು. ಮೈಸೂರಿನ ಒಂದು ಸ್ಕ್ವಾಡ್ರನ್ ಕಾರ್ಮೆಲ್ ಬೆಟ್ಟದ ಕಿರುದಾರಿಯನ್ನು ಹಿಡಿದು ಏರಿ, ಮೇಲಿದ್ದ ಫಿರಂಗಿಗಳ ಮೇಲೆ ಬಿದ್ದಿತು. ಮೈಸೂರು ಲ್ಯಾನ್ಸರ್ ದಳವು ಸ್ವಾತಂತ್ರ್ಯಾನಂತರ ಭಾರತೀಯ ಸೇನೆಯಲ್ಲಿ ಸೇರಿಹೋಯಿತು. ಸಂಸ್ಥಾನಗಳ ಅಶ್ವದಳಗಳಿಂದ ೧೯೫೩ರಲ್ಲಿ ರೂಪುಗೊಂಡ ದಳವೇ ಇಂದಿನ ೬೧ನೆಯ ಕ್ಯಾವಲ್ರಿ.

೧೯೯೯ರ ಕಾರ್ಗಿಲ್ ಇನ್ನೂ ಹತ್ತಿರದ ಪಾಠ. ಚಳಿಗಾಲದಲ್ಲಿ ತೆರವಾಗಿದ್ದ ಶಿಖರಗಳನ್ನು ಶತ್ರುಗಳು ಸೇರಿಕೊಂಡಿದ್ದರು. ಮೇ ತಿಂಗಳ ಮೊದಲಲ್ಲಿ ಬಟಾಲಿಕ್ ಭಾಗದಲ್ಲಿ ಅದನ್ನು ಕಂಡು ತಿಳಿಸಿದವನು ತಾಶಿ ನಮ್‌ಗ್ಯಾಲ್ ಎಂಬ ಪಶುಪಾಲಕ. ಅದೇ ತಿಂಗಳು ಕಾಕ್ಸರ್ ಭಾಗಕ್ಕೆ ಗಸ್ತು ಹೋದ ಕ್ಯಾಪ್ಟನ್ ಸೌರಭ್ ಕಾಲಿಯಾ ಮತ್ತು ಐವರು ಯೋಧರು ಸೆರೆಸಿಕ್ಕಿ ಜೀವಸಹಿತ ಮರಳಲಿಲ್ಲ. ಸೆರೆಯಾಳಿಗೆ ಕಾನೂನು ಕೊಡುವ ರಕ್ಷಣೆ ಕಾಗದದ ಮೇಲೆಯೇ ಉಳಿಯಬಹುದೆಂಬುದಕ್ಕೆ ಇದು ದುಃಖಕರವಾದ ಸಾಕ್ಷಿ. ಬೇಹಿಗೆ ಹೋಗುವವನು ಈ ಅಪಾಯವನ್ನು ತಿಳಿದೇ ಹೋಗುತ್ತಾನೆ.

ಮೆಟ್ಟಿಲುಗಳು

ಇನ್ನು ವೃತ್ತಿಯ ಮಾತು. ಭಾರತೀಯ ಸೇನೆಯಲ್ಲಿ ಸಾಮಾನ್ಯವಾಗಿ ‘ಬೇಹಿನ ಯೋಧ’ನೆಂದೇ ಯಾರನ್ನೂ ನೇಮಿಸಿಕೊಳ್ಳುವುದಿಲ್ಲ. ಮೊದಲು ಸೈನಿಕನಾಗಬೇಕು, ಬೇಹು ಅನಂತರ ದೊರೆಯುವ ಹೊಣೆ. ಪದಾತಿದಳದ ಪ್ರತಿಯೊಂದು ಬೆಟಾಲಿಯನ್ನಿನಲ್ಲಿಯೂ ಸುಮಾರು ೨೦ ಜನರ ‘ಘಾತಕ್’ ಪ್ಲಟೂನ್ ಇರುತ್ತದೆ. ಮುಂದೆ ಹೋಗಿ ನೋಡುವುದೂ ಹಠಾತ್ತಾಗಿ ಎರಗುವುದೂ ಅದರ ಕೆಲಸ. ಟ್ಯಾಂಕು ದಳಗಳಲ್ಲಿ ಬೇಹಿನ ಟ್ರೂಪುಗಳೂ, ಯಾಂತ್ರಿಕ ಪದಾತಿಯಲ್ಲಿ ಬೇಹಿಗೆ ಮೀಸಲಾದ ಬೆಟಾಲಿಯನ್ನುಗಳೂ ಇವೆ. ಸೇತುವೆ, ದಾರಿ, ಮೈನುಗಳನ್ನು ಪರೀಕ್ಷಿಸುವವರು ಎಂಜಿನಿಯರು ದಳದವರು. ಬೆಂಗಳೂರಿನಲ್ಲಿ ಕೇಂದ್ರವಿರುವ ಮದ್ರಾಸ್ ಎಂಜಿನಿಯರ್ ಗ್ರೂಪ್ ಇಂಥದು. ಗಡಿಬೆಟ್ಟಗಳಲ್ಲಿ ಲಡಾಖ್ ಸ್ಕೌಟ್ಸ್‌ನಂಥ ದಳಗಳು ಆ ನೆಲದ ಮಕ್ಕಳಿಂದಲೇ ಕೂಡಿವೆ.

೨೦೨೨ರಲ್ಲಿ ಬಂದ ಅಗ್ನಿಪಥ ಯೋಜನೆಯಂತೆ ತರುಣರು ಅಗ್ನಿವೀರರಾಗಿ ನಾಲ್ಕು ವರ್ಷಗಳ ಸೇವೆಗೆ ಸೇರುತ್ತಾರೆ. ಸಾಮಾನ್ಯ ಸೇವೆಗೆ ಹತ್ತನೆಯ ತರಗತಿಯಲ್ಲಿ ಒಟ್ಟು ೪೫ ಶೇಕಡ ಅಂಕ ಬೇಕು. ಮೊದಲು ಗಣಕಯಂತ್ರದ ಮೇಲಿನ ಪ್ರವೇಶ ಪರೀಕ್ಷೆ, ಅನಂತರ ೧.೬ ಕಿಲೋಮೀಟರ್ ಓಟ, ಕಂಬಿ ಹಿಡಿದು ಮೇಲೇರುವುದು, ಒಂಬತ್ತಡಿ ಹಳ್ಳ ಹಾರುವುದು ಮುಂತಾದ ದೇಹಪರೀಕ್ಷೆಗಳು, ವೈದ್ಯಪರೀಕ್ಷೆ. ಎನ್‌ಸಿಸಿ ಪ್ರಮಾಣಪತ್ರವಿದ್ದವರಿಗೆ ಹೆಚ್ಚಿನ ಅಂಕಗಳುಂಟು. ನಾಲ್ಕು ವರ್ಷಗಳಾದಮೇಲೆ ಗರಿಷ್ಠ ೨೫ ಶೇಕಡ ಜನರನ್ನು ಮಾತ್ರ ಇನ್ನೂ ಕನಿಷ್ಠ ೧೫ ವರ್ಷಗಳ ಸೇವೆಗೆ ಉಳಿಸಿಕೊಳ್ಳುತ್ತಾರೆ. ಉಳಿದವರು ಸುಮಾರು ೧೧.೭ ಲಕ್ಷ ರೂಪಾಯಿ ‘ಸೇವಾನಿಧಿ’ಯೊಡನೆ ಹಿಂದಿರುಗುತ್ತಾರೆ, ಅವರಿಗೆ ನಿವೃತ್ತಿವೇತನವಿಲ್ಲ. ಎಂದರೆ ಸೇರುವ ನಾಲ್ವರಲ್ಲಿ ಮೂವರು ಮರಳಿ ಊರಿಗೆ ಬರುವವರು. ಸೇರಬಯಸುವವರೂ ಅವರ ತಂದೆತಾಯಿಗಳೂ ಈ ಲೆಕ್ಕವನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಉಳಿದವನ ಮೆಟ್ಟಿಲುಗಳು ಹೀಗಿವೆ: ಸಿಪಾಯಿ, ಲ್ಯಾನ್ಸ್ ನಾಯಕ್, ನಾಯಕ್, ಹವಾಲ್ದಾರ್, ಆಮೇಲೆ ಕಿರಿಯ ಅಧಿಕಾರಿಗಳಾದ ನಾಯಬ್ ಸುಬೇದಾರ್, ಸುಬೇದಾರ್, ಸುಬೇದಾರ್ ಮೇಜರ್. ಟ್ಯಾಂಕು ದಳದಲ್ಲಿ ಹಳೆಯ ಅಶ್ವದಳದ ಹೆಸರುಗಳೇ ಉಳಿದಿವೆ: ಸವಾರ್, ದಫೇದಾರ್, ರಿಸಾಲ್ದಾರ್. ಬೇಹಿನಲ್ಲಿ ಈ ಮೆಟ್ಟಿಲುಗಳು ಹೊಣೆಯ ಮೆಟ್ಟಿಲುಗಳು. ಮೊದಲು ಅವನು ತುಕಡಿಯ ಮುಂದೆ ನಡೆಯುವ ಜೋಡಿಯಲ್ಲಿ ಒಬ್ಬ. ತನ್ನ ಕಣ್ಣಿಗೆ ಬಿದ್ದುದಕ್ಕೆ ಮಾತ್ರ ಹೊಣೆ. ನಾಯಕನೋ ಹವಾಲ್ದಾರನೋ ಆದಾಗ ಹತ್ತು ಜನರ ಕಣ್ಣುಗಳಿಗೆ ಹೊಣೆ. ಅವರ ಮಾತುಗಳನ್ನು ಹೋಲಿಸಿ ಒಂದು ವರದಿ ಮಾಡುವವನು ಅವನು. ಸುಬೇದಾರನಾದಾಗ ಹೊಸಬರಿಗೆ ಕಲಿಸುವ ಹೊಣೆ. ಬೆಳಗಾವಿಯ ಕಮಾಂಡೊ ಶಿಕ್ಷಣ, ಗುಲ್ಮಾರ್ಗಿನ ಎತ್ತರಪ್ರದೇಶ ಯುದ್ಧಶಾಲೆಯಂಥ ಕಡೆ ತರಬೇತಿ ಪಡೆದವರಿಗೆ ಈ ಹಾದಿಯಲ್ಲಿ ಮುಂದಾಳುತನ ದೊರೆಯುತ್ತದೆ.

ಅಧಿಕಾರಿಯಾಗಬಯಸುವವರಿಗೆ ಪಿ.ಯು.ಸಿ. ನಂತರ ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ಪದವಿಯ ನಂತರ ಡೆಹ್ರಾಡೂನ್, ಚೆನ್ನೈಗಳ ಅಕಾಡೆಮಿಗಳಿವೆ. ಲೆಫ್ಟಿನೆಂಟ್ ಆದವನು ಎರಡು ವರ್ಷಕ್ಕೆ ಕ್ಯಾಪ್ಟನ್, ಆರು ವರ್ಷಕ್ಕೆ ಮೇಜರ್, ಹದಿಮೂರಕ್ಕೆ ಲೆಫ್ಟಿನೆಂಟ್ ಕರ್ನಲ್. ಅಲ್ಲಿಂದ ಮೇಲೆ ಆಯ್ಕೆಯಿಂದ. ಸಿಪಾಯಿಯಾಗಿ ಸೇರಿದವನೂ ಆರ್ಮಿ ಕೆಡೆಟ್ ಕಾಲೇಜಿನ ಮೂಲಕ ಅಧಿಕಾರಿಯಾಗಬಹುದು. ಹೆಣ್ಣುಮಕ್ಕಳಿಗೂ ಬಾಗಿಲು ತೆರೆಯುತ್ತಿದೆ: ಸೇನಾ ಪೊಲೀಸ್ ದಳದ ಮೊದಲ ಮಹಿಳಾ ತಂಡ ೨೦೨೧ರಲ್ಲಿ ಬೆಂಗಳೂರಿನಲ್ಲಿ ತರಬೇತಿ ಮುಗಿಸಿತು, ೨೦೨೩ರಿಂದ ಫಿರಂಗಿದಳಕ್ಕೆ ಮಹಿಳಾ ಅಧಿಕಾರಿಗಳು ಬಂದಿದ್ದಾರೆ.

ಈ ಹಾದಿಗೆ ನಿದರ್ಶನ ಯೋಗೇಂದ್ರ ಸಿಂಗ್ ಯಾದವ್. ಹದಿನಾರರ ವಯಸ್ಸಿನಲ್ಲಿ ಸೇನೆಗೆ ಸೇರಿದ ಇವರು ೧೯೯೯ರ ಜುಲೈನಲ್ಲಿ ೧೮ನೆಯ ಗ್ರೆನೇಡಿಯರ್ಸ್‌ನ ಘಾತಕ್ ಪ್ಲಟೂನಿನೊಡನೆ ಟೈಗರ್ ಹಿಲ್ಲಿನ ಕಡಿದಾದ ಬಂಡೆಯನ್ನು ಹತ್ತಿದರು. ಮೈತುಂಬ ಗುಂಡು ತಗುಲಿ ಸತ್ತವರಂತೆ ಬಿದ್ದಿದ್ದಾಗ ಶತ್ರುಗಳು ಮುಂದಿನ ದಾಳಿಯ ಬಗೆಗೆ ಆಡಿದ ಮಾತು ಕಿವಿಗೆ ಬಿತ್ತೆಂದೂ, ತೆವಳಿಕೊಂಡು ಇಳಿದು ಅದನ್ನು ತಮ್ಮವರಿಗೆ ಮುಟ್ಟಿಸಿದೆನೆಂದೂ ಅವರೇ ಹೇಳಿದ್ದಾರೆ. ಪರಮವೀರ ಚಕ್ರ ಪಡೆದ ಅವರು ಸುಬೇದಾರ್ ಮೇಜರರಾಗಿ, ಗೌರವ ಕ್ಯಾಪ್ಟನ್ ಪದವಿಯೊಡನೆ ೨೦೨೧ರಲ್ಲಿ ನಿವೃತ್ತರಾದರು. ಸುದ್ದಿಯನ್ನು ಕಂಡುಕೊಂಡರೆ ಅರ್ಧ ಕೆಲಸ. ಹಿಂದಕ್ಕೆ ತಲಪಿಸಿದರೆ ಪೂರ್ತಿ.

ನಮ್ಮ ಓದುಗರೆಲ್ಲರೂ ಸೈನ್ಯಕ್ಕೆ ಸೇರುವವರಲ್ಲ. ಆದರೆ ನೋಡುವ ವಿದ್ಯೆ ಎಲ್ಲರಿಗೂ ಬೇಕಾದದ್ದು. ಊರಿನ ಬೆಟ್ಟವನ್ನೋ ಕೆರೆಯ ಏರಿಯನ್ನೋ ಹತ್ತಿ, ಕಾಣುವ ನೆಲದ ಒಂದು ರೇಖಾಚಿತ್ರವನ್ನು ಬರೆಯಿರಿ. ದೂರಗಳನ್ನು ಕಿರುಬೆರಳಿನಿಂದ ಅಳೆದು ಗುರುತು ಹಾಕಿ. ಮರೆನೆಲ ಎಲ್ಲಿರಬಹುದೆಂದು ಊಹಿಸಿ. ಆಮೇಲೆ ನಕ್ಷೆಯೊಡನೆ ಹೋಲಿಸಿ. ಪಕ್ಕದಲ್ಲಿ ಮೂರು ಕಲಮುಗಳನ್ನು ಎಳೆದುಕೊಳ್ಳಿ: ಕಂಡದ್ದು, ಕೇಳಿದ್ದು, ಊಹಿಸಿದ್ದು. ಮೊದಲನೆಯ ಪ್ರಯತ್ನದಲ್ಲಿ ಎಷ್ಟು ಮಾತುಗಳು ಮೂರನೆಯ ಕಲಮಿಗೆ ಸೇರುತ್ತವೆ ಎಂಬುದನ್ನು ಎಣಿಸಿ ನೋಡಿರಿ.